ಪರದೆಯ ಕೆಳಗಿನ ಸಾಲು

ಸೆಪ್ಟೆಂಬರ್ 14, ಭಾನುವಾರ
ಬೆಳಿಗ್ಗೆ, ಅಡುಗೆಮನೆಯ ಮೇಜು

ನನ್ನ ಮುದ್ದು ಪಿಟೀಲು,

ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಾ, ಇಲ್ಲಾ ವಾರ್ಡಿನ ರೋಗಿಗಳಿಗೆಲ್ಲ ಉಣ್ಣಿಸಿ ನೀನು ಎರಡು ಬಿಸ್ಕತ್ತು ಕಡಿದು ಮಲಗುತ್ತಿದ್ದೀಯಾ? ನೀನು ಹೊರಟುಹೋಗಿ ಇವತ್ತಿಗೆ ಇಪ್ಪತ್ತೆಂಟು ದಿನ. ದಿಂಬಿನ ಕೆಳಗೆ ನೀನಿಟ್ಟು ಹೋದ ಚೀಟಿ ನನಗೆ ಅವತ್ತೇ ಸಿಕ್ಕಿತು. ಉತ್ತರ ತಡವಾಯಿತು, ಕ್ಷಮಿಸು. ನಿಮಿಷಕ್ಕೆ ಇನ್ನೂರು ಪದ ಟೈಪ್ ಹೊಡೆಯುವ ತಂಗಿ ಒಂದು ಕಾಗದ ಬರೆಯಲು ತಿಂಗಳು ತೆಗೆದುಕೊಂಡಳು ಅಂತ ಗೊತ್ತಾಗಿದ್ದರೆ ನಿನ್ನ ಅಪ್ಪ ಬಿದ್ದು ಬಿದ್ದು ನಗುತ್ತಿದ್ದ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಬೇಡ, ಪರವಾಗಿಲ್ಲ. ಕಾಗದವನ್ನಾದರೂ ಹರಿಯುವ ಮುಂಚೆ ಒಂದು ಸಲ ಓದು.

ಪಿಟೀಲು ಅಂತ ಕರೆದಿದ್ದಕ್ಕೂ ಸಿಟ್ಟಾಗಬೇಡ. ನಿನ್ನ ಅಮ್ಮ ತೀರಿಕೊಂಡ ಹೊಸತರಲ್ಲಿ ನೀನು ಎಳೆಗೂಸು, ಕುಯ್ಯೋ ಅಂತ ಸಣ್ಣ ದನಿ ತೆಗೆದರೆ ಗಂಟೆಗಟ್ಟಲೆ ನಿಲ್ಲಿಸುತ್ತಿರಲಿಲ್ಲ. ಅಣ್ಣನೂ ನಾನೂ ಸರದಿಯ ಮೇಲೆ ನಿನ್ನನ್ನು ಎತ್ತಿಕೊಂಡು ತಿರುಗುತ್ತಿದ್ದೆವು, ಕಿವಿ ಕೇಳದ ಅಜ್ಜಿ ಮಾತ್ರ ಹಾಯಾಗಿ ಗೊರಕೆ ಹೊಡೆಯುತ್ತಿದ್ದಳು. ಹೆಸರಿಟ್ಟವನು ಈಗಿಲ್ಲ. ಕರೆಯುವವಳು ನಾನೊಬ್ಬಳೇ ಉಳಿದೆ.

ಅಜ್ಜಿಯ ವಿಷಯ ಮೊದಲು ಹೇಳುತ್ತೇನೆ, ಯಾಕೆಂದರೆ ಈ ಕಾಗದ ನಿಜವಾಗಿ ಅವಳಿಗಾಗಿಯೇ ಬರೆಯುತ್ತಿರುವುದು. ಅಜ್ಜಿ ಚೆನ್ನಾಗಿದ್ದಾಳೆ ಅನ್ನಬಹುದು. ತಿನ್ನುತ್ತಾಳೆ, ಬಟ್ಟೆ ಮಡಿಸುತ್ತಾಳೆ, ಬೀದಿ ಬಾಗಿಲಿನ ತನಕ ನಡೆದು ಬರುತ್ತಾಳೆ. ನನ್ನ ಜೊತೆ ಮಾತ್ರ ಮಾತಿಲ್ಲ. ನಾನು ಮಾತಾಡಲು ಕೈ ಎತ್ತಿದ ತಕ್ಷಣ ಕಣ್ಣು ಮುಚ್ಚಿಕೊಳ್ಳುತ್ತಾಳೆ. ಕೈಮಾತಿನ ಮನೆಯಲ್ಲಿ ಇದಕ್ಕಿಂತ ಗಟ್ಟಿಯಾಗಿ ಬಾಗಿಲು ಹಾಕಲು ಬರುವುದಿಲ್ಲ, ನಿನಗೆ ಗೊತ್ತು. ಚೀಟಿಯಲ್ಲಿ ಬರೆದು ಮುಂದಿಟ್ಟರೆ ಓದದೆ ಮಗುಚಿ ಹಾಕುತ್ತಾಳೆ. ನೀನಿದ್ದ ಆರು ದಿನ ನೀವಿಬ್ಬರೂ ಒಬ್ಬರಿಗೊಬ್ಬರು ಒರಗಿ ಕೂತಿದ್ದಿರಿ, ಹಾಗಾಗಿ ನಿನ್ನ ಗಮನಕ್ಕೆ ಬರಲಿಲ್ಲ. ಈಗ ಈ ಮನೆಯಲ್ಲಿ ಇಬ್ಬರು ಹೆಂಗಸರಿದ್ದೇವೆ, ದಿನವಿಡೀ ಒಂದು ಮಾತಿಲ್ಲ. ಅವಳ ಜೊತೆ ಕೈಮಾತಾಡಲು ಬರುವವರು ಲೋಕದಲ್ಲಿ ಮೂವರಿದ್ದೆವು. ಒಬ್ಬನನ್ನು ಸುಟ್ಟು ಬಂದೆವು, ಒಬ್ಬಳ ಕೈ ಅವಳು ನೋಡುವುದಿಲ್ಲ. ಉಳಿದವಳು ನೀನು.

ನಿನ್ನ ಚೀಟಿಯಲ್ಲಿ ಮೂರೇ ಸಾಲು. "ಅಪ್ಪ ಸತ್ತ ಅಂತ ಬರೆದ ಮೇಲೂ ನಿನ್ನ ಕೈ ಹೇಗೆ ಓಡ್ತು ಅತ್ತೆ? ಆಸ್ಪತ್ರೆ ಟಿವಿ ಮುಂದೆ ಔಷಧಿ ತಟ್ಟೆ ಹಿಡ್ಕೊಂಡು ನಿಂತು ನಾನು ಅದನ್ನ ಓದಿದೆ. ಪಾಪ, ಯಾರೋ ಏನೋ ಅಂದ್ಕೊಂಡು ಮುಂದೆ ಹೋದೆ." ಓದಿ ನಿನ್ನ ಮಂಚದ ಮೇಲೇ ಕೂತೆ. ಆಸ್ಪತ್ರೆಗಳಲ್ಲಿ ಟಿವಿಯ ದನಿ ಅಡಗಿಸಿ ಕೆಳಗಿನ ಸಾಲು ಮಾತ್ರ ಹಾಕಿರುತ್ತಾರೆ ಅನ್ನುವುದು ನನಗೆ ಹೊಳೆದೇ ಇರಲಿಲ್ಲ. ನಿನಗೆ ಸುದ್ದಿ ಗೊತ್ತಾಗಿದ್ದು ನನ್ನ ಫೋನಿನಿಂದ, ಮಧ್ಯಾಹ್ನ ಎರಡಕ್ಕೆ ಅಂತಲೇ ನಾನು ಅಂದುಕೊಂಡಿದ್ದೆ.

ಎಲ್ಲ ಹೇಳುತ್ತೇನೆ. ನಿನಗೆ ಗೊತ್ತಿರುವುದೂ ನಡುವೆ ಬರುತ್ತದೆ, ಸಹಿಸಿಕೋ. ಮೊದಲಿನಿಂದ ಹೇಳದಿದ್ದರೆ ನನಗೆ ಹೇಳಲು ಬರುವುದಿಲ್ಲ.

ಅವತ್ತು ಕ್ರೀಡಾಕೂಟದ ಸಮಾರೋಪ. ಅಲ್ಲಿ ರಾತ್ರಿಯಾದರೆ ಇಲ್ಲಿ ಬೆಳಿಗ್ಗೆ, ಒಂಬತ್ತಕ್ಕೆ ನೇರಪ್ರಸಾರ ಶುರು. ಹದಿನಾರು ದಿನದಿಂದ, ಟಿವಿಯಲ್ಲಿ ಆಡಿದ ಮಾತನ್ನು ಪರದೆಯ ಕೆಳಗೆ ಬರಹವಾಗಿ ಹೊಡೆಯುವ ನಾವು ಕೆಳಸಾಲಿನವರು ಸರಿಯಾಗಿ ಮನೆ ಮುಖ ನೋಡಿರಲಿಲ್ಲ. ನಿನ್ನ ಅಪ್ಪ ರಜೆ ಹಾಕಿದ್ದ, ಅಜ್ಜಿಯ ಪಕ್ಕ ಕೂತು ನೋಡುತ್ತೇನೆ ಅಂತ. ಏಳು ಗಂಟೆಗೆ ಅವನ ಲಿಫ್ಟು ರಿಪೇರಿ ಕಂಪನಿಯಿಂದ ಫೋನ್ ಬಂತು, ಯಾವುದೋ ಏಳಂತಸ್ತಿನ ಕಟ್ಟಡದಲ್ಲಿ ಲಿಫ್ಟು ನಡುವೆ ನಿಂತಿದೆ, ಒಳಗೆ ವಯಸ್ಸಾದ ದಂಪತಿ ಸಿಕ್ಕಿಕೊಂಡಿದ್ದಾರೆ ಅಂತ. "ಇವತ್ತೂ ಬಿಡಲ್ಲ ನನ್ಮಕ್ಕಳು" ಅಂತ ಬೈದುಕೊಳ್ಳುತ್ತಲೇ ಚೀಲ ಹೆಗಲಿಗೇರಿಸಿದ. ಅವನೂ ನಾನೂ ಒಟ್ಟಿಗೇ ಮೆಟ್ಟಿಲು ಇಳಿದೆವು. "ಚೆನ್ನಾಗಿ ಹೊಡಿ, ತಪ್ಪು ಮಾಡಿದ್ರೆ ಅಮ್ಮ ಚೀಟಿ ಅಂಟಿಸ್ತಾಳೆ ನೋಡು" ಅಂದ. ಮೂವತ್ತು ವರ್ಷ ಅಚ್ಚುಕೂಟದಲ್ಲಿ ಅಕ್ಷರ ಜೋಡಿಸಿದ ಅಜ್ಜಿ ದಿನಾ ನನ್ನ ತಪ್ಪುಗಳ ಪಟ್ಟಿ ಮಾಡಿ ಫ್ರಿಜ್ಜಿನ ಮೇಲೆ ಅಂಟಿಸುತ್ತಿದ್ದಳಲ್ಲ, ಅದರ ಮಾತು. ಅವನು ನನ್ನ ಜೊತೆ ಆಡಿದ ಕೊನೆಯ ಮಾತು ಇದೇ.

ವಾಹಿನಿಯ ಕಚೇರಿಯಲ್ಲಿ ನಮ್ಮ ಗೂಡು ನೀನು ಒಮ್ಮೆ ನೋಡಿದ್ದೀಯ. ಎರಡು ಕುರ್ಚಿ, ಎರಡು ಯಂತ್ರ, ಎದುರು ಒಂದು ಟಿವಿ, ಅಷ್ಟರಲ್ಲಿ ಗಾಳಿಗೂ ಜಾಗವಿಲ್ಲ. ಇಬ್ಬರು ಜೋಡಿ, ಇಪ್ಪತ್ತು ನಿಮಿಷಕ್ಕೊಮ್ಮೆ ಕೈ ಬದಲು. ಎಡಗಿವಿಗೆ ವೀಕ್ಷಕ ವಿವರಣೆಗಾರರ ದನಿ ಬರುವ ಇಯರ್‌ಫೋನ್, ಬಲಗಿವಿ ಖಾಲಿ. ಈ ಕೆಲಸ ಕಲಿಸಿದ ಮೇಡಂ ಮೊದಲ ದಿನವೇ ಹೇಳಿದ್ದರು, "ಅರ್ಥ ಮಾಡ್ಕೊಳ್ಳೋಕೆ ಹೋಗ್ಬೇಡ, ಅದು ಓದೋರ ಕೆಲಸ. ನಿಂದು ಕಿವಿ ಮತ್ತು ಕೈ. ನಡುವೆ ನಿಂತ್ಕೊಂಡ್ರೆ ಹಿಂದೆ ಬೀಳ್ತೀಯ." ಇಪ್ಪತ್ತೊಂದು ವರ್ಷದಲ್ಲಿ ನಾನು ನಡುವೆ ನಿಲ್ಲದೆ ಇರುವುದನ್ನು ಎಷ್ಟು ಚೆನ್ನಾಗಿ ಕಲಿತೆನೆಂದರೆ, ಒಂದು ಗಂಟೆ ವಾರ್ತೆ ಹೊಡೆದು ಹೊರಗೆ ಬಂದರೆ ಎಲ್ಲಿ ಏನಾಯಿತು ಅಂತ ನಾನು ಬೇರೆಯವರನ್ನು ಕೇಳಬೇಕು. ಅದಕ್ಕೇ ಗೂಡಿನೊಳಗೆ ಯಾರೂ ಬಾಯಿ ಬಿಡಬಾರದು ಅನ್ನುವ ನಿಯಮ. ಏನಿದ್ದರೂ ಹಲಗೆಯ ಮೇಲೆ ಬರೆದು ಗಾಜಿನಾಚೆಯಿಂದ ತೋರಿಸುತ್ತಾರೆ. ನಮ್ಮ ಮೇಲ್ವಿಚಾರಕಿ ಮಂಡಿ ಆಪರೇಷನ್ನಿಗೆ ರಜೆಯಲ್ಲಿದ್ದರು. ಅವರ ಜಾಗಕ್ಕೆ ವಾರ್ತಾ ವಿಭಾಗದಿಂದ ಬಂದಿದ್ದ ಮನುಷ್ಯನಿಗೆ ಈ ನಿಯಮ ಗೊತ್ತಿರಲಿಲ್ಲ. ಒಳ್ಳೆಯವನು. ಅವನನ್ನು ಬೈಯಬೇಕು ಅಂತ ಎಷ್ಟೋ ಸಲ ಕೂತೆ, ಬೈಗುಳ ಬರಲಿಲ್ಲ.

ಹನ್ನೊಂದು ದಾಟಿತ್ತು. ದೊಡ್ಡ ಬೋಗುಣಿಯಲ್ಲಿ ಉರಿಯುತ್ತಿದ್ದ ಕ್ರೀಡಾಜ್ಯೋತಿಯನ್ನು ಆರಿಸುವ ಹೊತ್ತು. ವಿವರಣೆಗಾರರು ಬೇಕೆಂದೇ ಸುಮ್ಮನಾದರು. ಎಡಗಿವಿ ಪೂರ್ತಿ ಖಾಲಿ. ಅಷ್ಟರಲ್ಲಿ ಆ ಮನುಷ್ಯ ಬಾಗಿಲು ತೆಗೆದು ಬಂದು ನನ್ನ ಬಲಗಿವಿಯ ಹತ್ತಿರ ಬಗ್ಗಿ, "ಮೇಡಂ, ಆಸ್ಪತ್ರೆಯಿಂದ ಫೋನ್ ಬಂದಿತ್ತು. ನಿಮ್ಮಣ್ಣ ತೀರ್ಕೊಂಡ್ರಂತೆ. ಲಿಫ್ಟಿನ ಮೇಲಿನ ರೂಮಲ್ಲೇ ಎದೆನೋವು ಬಂತಂತೆ" ಅಂದ.

ಪರದೆಯ ಕೆಳಗೆ ಬಂದಿದ್ದು ಇದು: "ನಿಮ್ಮ ಅಣ್ಣ ತೀರಿಕೊಂಡರಂತೆ. ಲಿಫ್ಟಿನ ಮೇಲಿನ ಕೋಣೆಯಲ್ಲೇ ಎದೆನೋವು ಬಂತಂತೆ." ಮೇಡಂ ಅನ್ನುವುದನ್ನು ಕೈ ಬಿಟ್ಟಿತ್ತು, ಕರೆಯುವ ಮಾತು ಹಾಕಬಾರದು ಅಂತ ನಮಗೆ ಕಲಿಸಿದ್ದಾರೆ. ಆಡುಮಾತನ್ನು ಬರಹಕ್ಕೆ ತಿದ್ದಿತ್ತು. ಸಾಲಿನ ಕೊನೆಗೆ ಚುಕ್ಕಿ ಇಟ್ಟಿತ್ತು. ನನ್ನ ಅಣ್ಣನ ಸಾವನ್ನು ನಾನು ಇಷ್ಟು ಅಚ್ಚುಕಟ್ಟಾಗಿ ಬರೆದೆ ನೋಡು. ಹಿಂದೆ ಬೋಗುಣಿಯ ಬೆಂಕಿ ಕೆಂಪಗಾಗಿ ಕುಗ್ಗುತ್ತಿತ್ತು, ಯಾವ್ಯಾವುದೋ ದೇಶದ ಹುಡುಗಿಯರು ತಬ್ಬಿಕೊಂಡು ಅಳುತ್ತಿದ್ದರು. ಆ ಸಾಲು ಆರು ಸೆಕೆಂಡ್ ನಿಂತಿತ್ತು.

ಆಮೇಲೆ ಹದಿನೆಂಟು ನಿಮಿಷ ಹೊಡೆದೆ. ಪಕ್ಕದ ಜೋಡಿ ಹುಡುಗಿ ನನ್ನ ಭುಜ ಮುಟ್ಟಿದಳು, ಬಿಡಿ ನಾನು ಮಾಡ್ತೀನಿ ಅಂತ. ನಾನು ಬೇಡ ಅಂತ ತಲೆಯಾಡಿಸಿದೆ. ಕೈ ಹೇಗೆ ಓಡಿತು ಅಂತ ನೀನು ಕೇಳಿದ್ದು ಇದನ್ನೇ. ತನ್ನಷ್ಟಕ್ಕೆ ಓಡಿತು, ಪಿಟೀಲು. ಕೈ ಎತ್ತಿದರೆ ಏಳಬೇಕಾಗುತ್ತಿತ್ತು, ಎದ್ದರೆ ಆಸ್ಪತ್ರೆಗೆ ಹೋಗಬೇಕು, ಹೋದರೆ ಅಣ್ಣ ನಿಜವಾಗಿ ಸತ್ತಿರುತ್ತಾನೆ. ಕೈ ಕೀಲಿಗಳ ಮೇಲಿರುವ ತನಕ ಅದು ಬರೀ ಒಂದು ಸಾಲು. ನನಗೆ ನಾಚಿಕೆಯಾಗುತ್ತದೆ ಹೇಳಲು, ಆ ಹದಿನೆಂಟು ನಿಮಿಷ ನನಗೆ ಏನೂ ನೋಯಲಿಲ್ಲ.

ಕಚೇರಿಯಲ್ಲಿ ನನ್ನನ್ನು ತೆಗೆಯಲಿಲ್ಲ. ನಿರ್ದೇಶಕರು ಕರೆದು ನೀರು ಕೊಟ್ಟು, ಇಷ್ಟು ದಪ್ಪದ ಒಂದು ಫೈಲು ಮುಂದಿಟ್ಟರು. ವೀಕ್ಷಕರ ಪ್ರತಿಕ್ರಿಯೆ. "ಇದಕ್ಕೆಲ್ಲ ನೀವೇ ಉತ್ತರ ಬರೀರಿ, ನಿಮ್ಮ ಕೈಯಿಂದ ಹೋದ್ರೆ ಒಂದು ಮರ್ಯಾದೆ ಇರತ್ತೆ" ಅಂದರು. ಹಾಗಾಗಿ ಈಗ ನಾನು ಗೂಡಿನಲ್ಲಿಲ್ಲ, ಕಾಗದ ಪೆನ್ಸಿಲ್ಲಿನ ಬೀರುವಿನ ಪಕ್ಕದ ಕೋಣೆಯಲ್ಲಿ ಕೂತು ದಿನಕ್ಕೆ ಹದಿನೈದು ಇಪ್ಪತ್ತು ಜನರ ಕ್ಷಮೆ ಕೇಳುತ್ತೇನೆ.

ಜನ ಹೇಗಿದ್ದಾರೆ ಕೇಳು. ಒಬ್ಬರು ಮನೆಮಂದಿಯೆಲ್ಲ ಕೂತು ಖುಷಿಯಾಗಿ ನೋಡುವಾಗ ಸಾವಿನ ಸುದ್ದಿ ಯಾಕೆ ತುರುಕಿದಿರಿ ಅಂತ ನಾಲ್ಕು ಪುಟ ಉಗಿದಿದ್ದಾರೆ. ಇನ್ನೊಬ್ಬರಿಗೆ ಇದು ಸಂಜೆಯ ಧಾರಾವಾಹಿಯ ಮಾತು, ದಾರಿ ತಪ್ಪಿ ಇಲ್ಲಿಗೆ ಬಂದಿದೆ ಅಂತ ಅನುಮಾನ. ಹಾಗಾದರೆ ಸತ್ತ ಅಣ್ಣ ಯಾರು, ದೊಡ್ಡವನೋ ನಡುವಿನವನೋ, ದಯವಿಟ್ಟು ತಿಳಿಸಿ ಅಂತ ಕೇಳಿದ್ದಾರೆ. ನಿವೃತ್ತ ಮೇಷ್ಟ್ರೊಬ್ಬರು ಹದಿನಾರು ದಿನದಲ್ಲಿ ನಿಮ್ಮ ವಾಹಿನಿಯಲ್ಲಿ ತಪ್ಪಿಲ್ಲದೆ ಬಂದ ವಾಕ್ಯ ಇದೊಂದೇ ಅಂತ ಮೆಚ್ಚಿ ಬರೆದಿದ್ದಾರೆ. ಆ ಸಾಲಿನ ಚಿತ್ರಕ್ಕೆ ಪಟಾಕಿಯ ಚಿತ್ರ ಸೇರಿಸಿ ಪೋರರು ಹಂಚಿ ನಕ್ಕರಂತೆ. ಕ್ಯಾಂಟೀನಿನಲ್ಲಿ ನಮ್ಮವರೇ ನೋಡಿ ನಗುತ್ತಿದ್ದರು, ನನ್ನನ್ನು ಕಂಡು ಫೋನನ್ನು ಮೇಜಿನ ಮೇಲೆ ಮಗುಚಿದರು. ನಾನು ಚಹಾ ತೆಗೆದುಕೊಂಡು ಅವರ ಪಕ್ಕದಲ್ಲೇ ಕೂತು ಕುಡಿದೆ. ಕುಡಿಯುವುದನ್ನು ಬಿಟ್ಟು ಏಳಲಿಲ್ಲ, ಅಷ್ಟು ಹಟ ನನಗಿನ್ನೂ ಇದೆ.

ಇವಕ್ಕೆಲ್ಲ ಉತ್ತರ ಬರೆಯುವುದು ಕಷ್ಟವಾಗಲಿಲ್ಲ. ಕಷ್ಟವಾಗಿದ್ದು ಅಜ್ಜಿಯಂಥವರ ಕಾಗದಗಳು. ಸಾಲು "ನಿಮ್ಮ ಅಣ್ಣ" ಅಂತ ಇತ್ತಲ್ಲ. ಕಿವಿ ಕೇಳದವರಿಗೆ ಲೋಕದ ಸುದ್ದಿಯೆಲ್ಲ ಬರುವುದು ಆ ಸಾಲಿನಿಂದಲೇ. ಓದಿದವರಲ್ಲಿ ಎಷ್ಟೋ ಜನರ ಎದೆ ಒಡೆದುಹೋಗಿತ್ತು, ತಮಗೇ ಹೇಳಿದ್ದು ಅಂತ. ಒಬ್ಬ ದರ್ಜಿ, ಅಂಗಡಿಯಲ್ಲಿ ಗಿರಾಕಿಯ ಸುತ್ತಳತೆ ತೆಗೆಯುತ್ತಿದ್ದವನು, ಟೇಪು ಕೊರಳಲ್ಲಿ ಹಾಕಿಕೊಂಡೇ ಅಣ್ಣನ ಮನೆಗೆ ಓಡಿದ್ದಾನೆ. ಹನ್ನೊಂದು ವರ್ಷದಿಂದ ಇಬ್ಬರಿಗೂ ಮುಖ ಕೊಟ್ಟು ಮಾತಿರಲಿಲ್ಲವಂತೆ. ಬಾಗಿಲು ತಟ್ಟಿದರೆ ಅಣ್ಣನೇ ಬಾಯಲ್ಲಿ ತುತ್ತು ಇಟ್ಟುಕೊಂಡು ಬಂದು ತೆಗೆದನಂತೆ. "ಅವನು ಬದುಕಿದ್ದಾನೆ. ನಾವು ಈಗಲೂ ಮಾತಾಡುತ್ತಿಲ್ಲ. ನೀವು ನನ್ನ ಒಂದು ದಿನದ ಕೆಲಸ ಹಾಳು ಮಾಡಿದಿರಿ" ಅಂತ ಬರೆದಿದ್ದಾನೆ. ಕಾಗದದ ಕೊನೆಗೆ ಬೇರೆ ಶಾಯಿಯಲ್ಲಿ, "ತುಂಬಾ ಸಣ್ಣಗಾಗಿದ್ದಾನೆ" ಅಂತ ಸೇರಿಸಿದ್ದಾನೆ.

ಎಂಬತ್ತು ದಾಟಿದ ಒಬ್ಬ ಅಜ್ಜಿ ನಡುಗುವ ಅಕ್ಷರದಲ್ಲಿ ಬರೆದದ್ದನ್ನು ನಾನು ಮನೆಗೆ ತಂದು ಇಟ್ಟುಕೊಂಡಿದ್ದೇನೆ. "ನನ್ನ ಅಣ್ಣ ಹೋಗಿ ಮೂವತ್ತು ವರ್ಷವಾಯಿತು. ಇವಳಿಗೆ ಹೇಗೆ ಹೇಳೋದು ಅಂತ ಆಗ ಮನೆಯವರು ಯಾರೂ ಹೇಳಲಿಲ್ಲ, ನಾನೇ ಊಹಿಸಿಕೊಂಡೆ. ಈಗ ನೀವು ನೇರವಾಗಿ ಹೇಳಿದಿರಿ. ಸಂತೋಷವಾಯಿತು." ಓದಿದ ದಿನ ಕಚೇರಿಯಲ್ಲೇ ಬೀರುವಿನ ಬಾಗಿಲು ತೆಗೆದು ಅದರ ಹಿಂದೆ ನಿಂತು ಅತ್ತೆ. ಅಣ್ಣ ಹೋದ ಮೇಲೆ ನಾನು ಅತ್ತಿದ್ದು ಅದೇ ಮೊದಲು.

ಫೈಲಿನಲ್ಲಿ ಇಲ್ಲದ ಒಬ್ಬ ವೀಕ್ಷಕಿ ನಮ್ಮ ಮನೆಯಲ್ಲಿದ್ದಾಳೆ. ಅವಳಿಗೆ ಉತ್ತರ ಕೊಡಲು ನನಗೆ ದಾರಿಯಿಲ್ಲ. ಅದಕ್ಕೆ ನಿನ್ನನ್ನು ಕೇಳುತ್ತಿದ್ದೇನೆ. ನನ್ನ ಮೇಲಿನ ಸಿಟ್ಟು ಹಾಗೇ ಇಟ್ಟುಕೋ. ವಾರಕ್ಕೆ ಎರಡು ಸಲ ಮುಖ ಕಾಣುವ ಹಾಗೆ ಅಜ್ಜಿಗೆ ಫೋನ್ ಮಾಡು. ಮೊಬೈಲನ್ನು ಅವಳ ಮೇಜಿನ ಮೇಲೆ ಲೋಟಕ್ಕೆ ಒರಗಿಸಿಟ್ಟು ನಾನು ಹೊರಗೆ ಹೋಗಿ ನಿಲ್ಲುತ್ತೇನೆ. ನಿನ್ನ ಕೈಮಾತು ಸ್ವಲ್ಪ ತೊದಲು, ಹಾಗಿದ್ದರೂ ನಿನ್ನ ಕೈಯನ್ನು ಅವಳು ನೋಡುತ್ತಾಳೆ. ಏನಾದರೂ ಹೇಳು. ವಾರ್ಡಿನಲ್ಲಿ ಯಾರು ನಿನ್ನ ತಲೆ ತಿಂದರು, ಏನು ಅಡುಗೆ ಮಾಡಿ ಸೀಯಿಸಿದೆ, ಏನಾದರೂ.

ಬೇರೆ ಸುದ್ದಿ ಹೆಚ್ಚಿಲ್ಲ. ಅಪ್ಪನ ಉಪಕರಣದ ಚೀಲ ಕಂಪನಿಯಿಂದ ಬಂತು, ಮೆಟ್ಟಿಲ ಕೆಳಗೆ ಇಟ್ಟಿದ್ದೇನೆ. ಲಿಫ್ಟಿನಲ್ಲಿ ಸಿಕ್ಕಿಕೊಂಡಿದ್ದ ಆ ದಂಪತಿ ಮೊನ್ನೆ ಹುಡುಕಿಕೊಂಡು ಬಂದಿದ್ದರು. ಅವರನ್ನು ಇಳಿಸಿದ ಮೇಲೆಯೇ ಅವನು ಯಂತ್ರ ನೋಡಲು ಮೇಲೆ ಹತ್ತಿದ್ದಂತೆ. ಆಯಮ್ಮ ನನ್ನ ಕೈ ಹಿಡಿದುಕೊಂಡು, "ಏನೂ ಆಗಲ್ಲ ಅಮ್ಮ, ಹೆದರ್ಬೇಡಿ ಅಂತ ಮೇಲಿಂದ ಕೂಗ್ತಾನೇ ಇದ್ರು" ಅಂದರು. ನಿನಗೆ ತಿಳಿಸಬೇಕು ಅನ್ನಿಸಿತು.

ಮೈ ನೋಡಿಕೋ. ನಿಂತೇ ಇರುವ ಕೆಲಸ, ಮಲಗುವಾಗ ಕಾಲನ್ನು ದಿಂಬಿನ ಮೇಲೆ ಎತ್ತಿಟ್ಟುಕೋ. ನೀನು ನೂರು ವರ್ಷ ಸುಖವಾಗಿ ಬಾಳು ಕಂದ, ಒಳ್ಳೆಯ ಸುದ್ದಿಗಳೆಲ್ಲ ನಿನಗೆ ಮೊದಲು ತಲುಪಲಿ, ಕೆಟ್ಟ ಸುದ್ದಿಯನ್ನು ಯಾರಾದರೂ ಪಕ್ಕದಲ್ಲಿ ಕೂತು ಹೇಳಲಿ. ನಿನ್ನ ಅಪ್ಪನ ಪಾಲಿನದ್ದೂ ಸೇರಿಸಿ ಹರಸುತ್ತಿದ್ದೇನೆ.

ನಿನ್ನ
ಅತ್ತೆ

ತಾ.ಕ.: ಲಕೋಟೆಗೆ ಹಾಕಿ ಮತ್ತೆ ತೆಗೆದೆ. ಎಲ್ಲ ಹೇಳುತ್ತೇನೆ ಅಂದು ಒಂದನ್ನು ಬಿಟ್ಟಿದ್ದೆ. ಕೈ ತನ್ನಷ್ಟಕ್ಕೆ ಓಡಿತು ಅಂತ ಕಚೇರಿಯಲ್ಲಿ ಹೇಳಿದೆ, ನಿನಗೂ ಮೇಲೆ ಬರೆದೆ. ಮೊದಲ ಸಾಲಿನ ಮಟ್ಟಿಗೆ ಅದು ನಿಜ. ಆದರೆ ಆ ಸಾಲು ಪರದೆಯ ಮೇಲೆ ಬಂದಾಗ ಓದಿದೆ. ಓದಿದ ಕೂಡಲೇ ಹೊಳೆಯಿತು, ಅಮ್ಮ ನೋಡುತ್ತಿದ್ದಾಳೆ ಅಂತ. ನಮ್ಮ ಕೆಲಸದಲ್ಲಿ ತಪ್ಪು ಸಾಲು ಹೋದರೆ ಅಳಿಸಲು ಬರುವುದಿಲ್ಲ. ಮುಂದೆ ಎರಡು ಅಡ್ಡಗೆರೆ ಹಾಕುತ್ತೇವೆ. ಹಿಂದಿನದು ತಪ್ಪು, ಬಿಟ್ಟುಬಿಡಿ ಅಂತ ಅರ್ಥ. ಹೆಚ್ಚು ಜನಕ್ಕೆ ಅದು ಗೊತ್ತಿಲ್ಲ, ಅಜ್ಜಿಗೆ ನಾನೇ ಹೇಳಿಕೊಟ್ಟಿದ್ದೆ. ಆ ಎರಡು ಗೆರೆ ಹಾಕಿದೆ. ಕೈ ಹಾಕಿದ್ದಲ್ಲ, ತಿಳಿದೂ ತಿಳಿದೂ ನಾನೇ ಹಾಕಿದ್ದು. ಅವಳು ಅದನ್ನು ನಂಬಿ ನೆಮ್ಮದಿಯಾಗಿರಲಿ, ನಾನು ಮನೆಗೆ ಹೋಗಿ ಮುಂದೆ ಕೂತು ಹೇಳುತ್ತೇನೆ ಅಂತ. ಆಮೇಲೆ ನಿಲ್ಲಿಸಲೂ ಆಗಲಿಲ್ಲ. ಸರದಿಯ ನಡುವೆ ಬಿಟ್ಟೆದ್ದರೆ, ನನ್ನ ಕೈಯ ಗುರುತಿರುವ ಅವಳಿಗೆ ಗೊತ್ತಾಗುತ್ತಿತ್ತು.

ನನಗಿಂತ ಮೊದಲು ಕಂಪನಿಯ ಇಬ್ಬರು ಮನೆಗೆ ಹೋಗಿದ್ದರು. ಕಿವಿ ಕೇಳಿಸದು ಅಂತ ತಿಳಿದು ಒಂದು ಚೀಟಿಯಲ್ಲಿ, ನಿಮ್ಮ ಮಗ ತೀರಿಕೊಂಡರು, ಅಂತ ಬರೆದು ಕೊಟ್ಟರಂತೆ. ಅಜ್ಜಿ ಅವರ ಕೈಯಿಂದ ಪೆನ್ನು ಇಸಿದುಕೊಂಡು, ಆ ಸಾಲಿನ ಮುಂದೆ ಎರಡು ಗೆರೆ ಎಳೆದು ಚೀಟಿಯನ್ನು ವಾಪಸು ಕೊಟ್ಟಿದ್ದಾಳೆ. ನಗುತ್ತಾ ಕೊಟ್ಟಳು ಅಂತ ಅವರೇ ಆಮೇಲೆ ಹೇಳಿದರು. ಇಬ್ಬರನ್ನೂ ಕೂರಿಸಿ ನೀರು ಕೊಟ್ಟು, ಮಗ ಈಗ ಬರುತ್ತಾನೆ ಇರಿ ಅಂತ ಸನ್ನೆ ಮಾಡಿದ್ದಾಳೆ. ಒಂದು ಗಂಟೆಯ ಮೇಲೆ ನಾನು ಹೋದಾಗ ಅವರು ಲೋಟ ಹಿಡಿದುಕೊಂಡು ಹಾಗೇ ಕೂತಿದ್ದರು. ಅಜ್ಜಿ ಎದ್ದು ಬಂದು, ಇವರಿಗೆ ನೀನಾದರೂ ಹೇಳು ಅಂದಳು. ನಾನು ಕೈ ಎತ್ತಿ, ನಿಜ ಅಮ್ಮ, ಅಂದೆ. ಅವಳು ಬಹಳ ಹೊತ್ತು ನನ್ನ ಕೈಗಳನ್ನೇ ನೋಡಿದಳು. ಆಮೇಲೆ ಅವೆರಡನ್ನೂ ಹಿಡಿದು, ಮೆಲ್ಲಗೆ, ಕೆಳಗಿಳಿಸಿಬಿಟ್ಟಳು.